ಪರದೆ ಮಾಮನ ನೀಲಿ ಕಿವಿ

ಅವರ ಎಡಗಿವಿಯ ಅಂಚು ವರ್ಷವಿಡೀ ನೀಲಿಯಾಗಿರುತ್ತಿತ್ತು. ಕುಂಚ ಸಿಕ್ಕಿಸಿಕೊಳ್ಳಲು ಅವರಿಗೆ ಕಿವಿ ಬಿಟ್ಟರೆ ಬೇರೆ ಜಾಗವೇ ಗೊತ್ತಿರಲಿಲ್ಲ. ಪೌರಾಣಿಕ ನಾಟಕಗಳಿಗೆ ಪರದೆ ಬರೆದು ಬಾಡಿಗೆಗೆ ಕೊಡುವುದು ಅವರ ಕಸುಬು. ಪರದೆ ಎಂದಮೇಲೆ ಆಕಾಶ ಇರಲೇಬೇಕು, ಆಕಾಶ ಎಂದಮೇಲೆ ನೀಲಿ. ಸೀಮೆಎಣ್ಣೆ ಹಾಕಿ ಕೈಯ ಬಣ್ಣ ತೊಳೆಯುವಾಗ ಕಿವಿಯನ್ನು ಮಾತ್ರ ಮರೆಯುತ್ತಿದ್ದರು. ಮಳವಳ್ಳಿಯ ನಮ್ಮ ಬೀದಿಯ ಕೊನೆಗೆ ಅವರ ತಗಡಿನ ಶೆಡ್ಡು. ಬೀದಿಯ ಮಕ್ಕಳಿಗೆಲ್ಲ ಅವರು ಪರದೆ ಮಾಮ.

ಮಾಮನ ಪರದೆಗಳನ್ನು ನೋಡಿದರೆ ನಗು ಬರುತ್ತಿತ್ತು. ರಾಜನ ಅರಮನೆಗೆ ನಮ್ಮ ತಾಲೂಕು ಆಫೀಸಿನ ಕಿಟಕಿ, ಮದ್ದೂರು ರೈಲ್ವೆ ಸ್ಟೇಷನ್ನಿನ ಕಂಬ. ಋಷಿಗಳ ಆಶ್ರಮದಲ್ಲಿ ಜಿಂಕೆಯ ಪಕ್ಕದಲ್ಲೇ ಗಿಡ್ಡ ಕಾಲಿನ ಬಂಡೂರು ಕುರಿ ಮೇಯುತ್ತಿತ್ತು. ದುದ್ದದ ಕಡೆಯ ನಾಟಕದವರು ಒಮ್ಮೆ ಜಗಳಕ್ಕೇ ಬಂದರು.

"ಏನಣ್ಣೋ, ನಮ್ ಚಕ್ರವರ್ತಿ ರೈಲಿಗೆ ಕಾಯ್ಕಂಡು ನಿಂತಂಗದಲ್ಲ!"

"ಆ ಚಕ್ರವರ್ತಿ ಅರ್ಮನೆ ನೋಡ್ದೋನು ಯಾವನಾರ ಅವ್ನಾ ನಿಮ್ಮಲ್ಲಿ? ಇದ್ರೆ ಕರ್ಕಬನ್ನಿ, ಈಗ್ಲೇ ಅಳಿಸ್ತೀನಿ" ಎಂದರು ಮಾಮ.

ಬಂದವರು ನಕ್ಕು, ಪರದೆ ಸುತ್ತಿಕೊಂಡು ಹೋದರು.

ನಾನು ಕಾಲೇಜಿನಲ್ಲಿದ್ದಾಗ ಅವ್ವ ತೀರಿಕೊಂಡಳು. ಅಕ್ಕ ಕಣ್ಣು ಮುಚ್ಚಿದರೆ ಸಾಕು, "ಅವ್ವ ಕಣ್ಮುಂದೇನೇ ನಿಂತವ್ಳೆ" ಎಂದು ಅಳುತ್ತಿದ್ದಳು. ನಾನೂ ಕಣ್ಣು ಮುಚ್ಚುತ್ತಿದ್ದೆ. ಬರೀ ಕತ್ತಲು. ಚಿಕ್ಕಂದಿನಿಂದಲೂ ಅಷ್ಟೇ, ಏನನ್ನು ನೆನೆದರೂ ನನಗೆ ಚಿತ್ರ ಮೂಡುತ್ತಿರಲಿಲ್ಲ. ಜನ 'ಕಣ್ಣಿಗೆ ಕಟ್ಟಿದ ಹಾಗಿದೆ' ಅನ್ನುವುದು ಸುಮ್ಮನೆ ಮಾತಿಗೆ ಎಂದುಕೊಂಡಿದ್ದೆ. ಉಳಿದವರಿಗೆ ನಿಜವಾಗಿಯೂ ಕಾಣುತ್ತದೆ ಎಂದು ಆಗ ಗೊತ್ತಾಯಿತು. ಹೆತ್ತವಳ ಮುಖವನ್ನೇ ಮರೆತವಳು ಎಂಥ ಮಗಳು? ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ವರ್ಷದ ತಿಥಿಗೆ ಗೋಡೆಗೆ ಹಾಕಲು ಅವ್ವನ ಪಟ ಬೇಕಾಯಿತು. ಇದ್ದದ್ದು ಆಧಾರ್ ಕಾರ್ಡಿನ ಫೋಟೊ ಒಂದೇ. ಅದರಲ್ಲಿ ಅವ್ವ ಯಾರಿಗೋ ಹೊಡೆಯಲು ಹೊರಟವಳಂತಿದ್ದಳು. ಅಪ್ಪ ನನ್ನನ್ನು ಮಾಮನ ಹತ್ತಿರ ಕಳಿಸಿದರು.

"ಬೀದೀಲಿ ಓಡಾಡುವಾಗ ನಾನೂ ನೋಡಿವ್ನಿ. ಆದ್ರೆ ಮನೇಲಿ ನೋಡ್ದೋಳು ನೀನು. ಎಂಗಿದ್ಲು ಯೋಳು ಮಗ, ಬರೀವಾ" ಎಂದರು ಮಾಮ.

ನಾನು ಅಲ್ಲೇ ಅತ್ತುಬಿಟ್ಟೆ. "ನಂಗೇನೂ ಕಾಣಲ್ಲ ಮಾಮ. ಅಕ್ಕನ್ನ ಕರ್ಕಬತ್ತೀನಿ, ಅವಳ್ನೇ ಕೇಳಿ."

ಮಾಮ ಕಿವಿಯಿಂದ ಕುಂಚ ತೆಗೆದು ಕೆಳಗಿಟ್ಟರು. "ಕಣ್ಮುಚ್ಕಂಡ್ರೆ ನಂಗೂ ಕತ್ಲೇಯ ಕಣವ್ವ. ಉಟ್ದಾಗ್ನಿಂದ್ಲೂವೆ. ಅದ್ಕೇ ಅಲ್ವಾ, ಟೇಸನ್ ಕಂಬ ನೋಡ್ಕಂಡ್ ಬಂದು ಬರೆಯದು."

ಅಳು ನಿಂತೇ ಹೋಯಿತು. ಸೀಮೆಗೆಲ್ಲ ಸ್ವರ್ಗ ಬರೆದುಕೊಟ್ಟ ಮನುಷ್ಯ!

"ಮೊದ್ಲು ನಾನು ತಪ್ಪು ಬರೀತೀನಿ. ಅಲ್ಲ ಅನ್ನಿಸುದ್ರೆ ಅಲ್ಲ ಅನ್ನು. ಅಷ್ಟೇಯ ನಿನ್ ಕೆಲ್ಸ."

ಅವರು ಪರದೆ ಬರೆಯುತ್ತಿದ್ದದ್ದೂ ಹಾಗೆಯೇ. ಇದ್ದಿಲಿನಲ್ಲಿ ಏನೋ ಒಂದು ಗೀಚುವುದು, ದೂರ ನಿಂತು ಅದನ್ನು ಬಾಯಿಗೆ ಬಂದಂತೆ ಬೈಯುವುದು, ಒರೆಸುವುದು, ಮತ್ತೆ ಗೀಚುವುದು. ಅವ್ವನ ಮೂಗು ಬರೆದರು. ಅಲ್ಲ, ಇಷ್ಟು ಚೂಪಿಲ್ಲ ಎಂದೆ. ಹುಬ್ಬು ಬರೆದರು. ಅದೂ ಅಲ್ಲ. ಕಿರುಗಾವಲಿನ ಬಸ್ಸಿಗೆ ಓಡಿ ಬಂದು ಕೂತಾಗ ಅವ್ವ ಸೆರಗಿನಲ್ಲಿ ಮೊದಲು ಏನು ಒರೆಸಿಕೊಳ್ಳುತ್ತಿದ್ದಳು ಎಂದು ಕೇಳಿದರು. ಕತ್ತು, ಆಮೇಲೆ ಮೇಲ್ದುಟಿ ಎಂದೆ, ಯೋಚನೆಯನ್ನೇ ಮಾಡದೆ. ನಗುವಾಗ ಬಾಯಿ ಯಾವ ಕಡೆಗೆ ಓರೆಯಾಗುತ್ತಿತ್ತು? ಬಲಕ್ಕೆ. ಇದ್ದಿಲು ತುಟಿಯ ತುದಿಯನ್ನು ಒಂಚೂರು ಮೇಲಕ್ಕೆಳೆಯಿತು.

"ಮಾಮ, ಸಾಕು! ಕೈ ತೆಗೀರಿ!" ಎಂದು ಕೂಗಿದೆ.

ಹಾಳೆಯ ಮೇಲೆ ಅವ್ವ ಇದ್ದಳು.

"ನೋಡ್ದಾ? ನೀನು ಮರ್ತೋಗಿದ್ರೆ ಇಷ್ಟೊತ್ತು ಅಲ್ಲ ಅಲ್ಲ ಅಂತ ನನ್ ಪಿರಾಣ ತಿಂದೋರ್ ಯಾರು?" ಎಂದರು ಮಾಮ.

ಮನೆಗೆ ಹೋಗುವ ದಾರಿಯುದ್ದಕ್ಕೂ ಅತ್ತೆ. ಆ ಅಳು ಬೇರೆಯಾಗಿತ್ತು.

ಈಗ ನಾನು ಮಕ್ಕಳಿಗೆ ಕತೆ ಬರೆಯುತ್ತೇನೆ. ಚಿತ್ರವೇ ಕಾಣದವಳು ಕಾಡು ಕೋಟೆಗಳನ್ನೆಲ್ಲ ಹೇಗೆ ಕಟ್ಟುತ್ತೀಯ ಎಂದು ಗೆಳತಿಯರು ಕೇಳುತ್ತಾರೆ. ಮೊದಲು ತಪ್ಪಾಗಿ ಕಟ್ಟುತ್ತೇನೆ, ಆಮೇಲೆ ಮಾಮನ ಹಾಗೆ ಬೈಯುತ್ತೇನೆ. ಈ ಒಂದು ವಿದ್ಯೆಗೆ ನಾನು ಅವರಿಗೆ ಜನ್ಮವಿಡೀ ಋಣಿ.

ಹೋದ ವರ್ಷ ಮಾಮ ತೀರಿಕೊಂಡರು. ತಿಥಿಯ ದಿನ ಶೆಡ್ಡಿನ ಮುಂದೆ ಅವರ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಸ್ಟುಡಿಯೋದವರು ಮುಖವನ್ನು ತಿದ್ದಿ ತೀಡಿ ಮದುವೆ ಗಂಡಿನಂತೆ ಬೆಳ್ಳಗೆ ಮಾಡಿದ್ದರು. ಬಸ್ಸಿಳಿದು ಬಂದವಳು ಅದನ್ನು ಕಂಡ ಕೂಡಲೇ "ಅಲ್ಲ!" ಎಂದುಬಿಟ್ಟೆ, ಜೋರಾಗಿ. ನೆರೆದವರೆಲ್ಲ ತಿರುಗಿ ನೋಡಿದರು. ಮಾಮನ ಹೆಂಡತಿಗೆ ಮಾತ್ರ ಅರ್ಥವಾಯಿತು. ಶೆಡ್ಡಿನೊಳಗೆ ಹೋಗಿ ನೀಲಿಯ ಡಬ್ಬಿ ತಂದು ನನ್ನ ಕೈಗಿಟ್ಟರು.

"ಕಿವಿಗೆ ನೀನೇ ಅಚ್ಚವ್ವ. ನಂಗೆ ಕಣ್ಣೀರ್ನಲ್ಲಿ ಏನೂ ಕಾಣ್ತಿಲ್ಲ."

ಬೆರಳದ್ದಿ ಫ್ಲೆಕ್ಸಿನ ಮೇಲಿನ ಎಡಗಿವಿಗೆ ಹಚ್ಚಿದೆ. ಅಲ್ಲ, ತೀರಾ ಮೇಲಾಯಿತು. ಸೆರಗಿನಲ್ಲಿ ಒರೆಸಿ, ಒಂಚೂರು ಕೆಳಗೆ ಹಚ್ಚಿದೆ.

ಮಾಮ ಬಂದರು.