ಅವ್ವನ ಫೈಲಿನಲ್ಲಿ ಬರೆದ ಮಾತು

ನನ್ನ ಅವ್ವನ ಬಗ್ಗೆ ಈ ಲೋಕ ಕೊನೆಗೆ ಬರೆದಿಟ್ಟದ್ದು ಒಂದೇ ವಾಕ್ಯ. ಅದೂ ಇಂಗ್ಲಿಷಿನಲ್ಲಿ. ಡಾಕ್ಟರ ಅಕ್ಷರ ಬಿಡಿಸಿ ಓದಿದರೆ ಇಷ್ಟು: ರೋಗಿಗೆ ಗೊಂದಲವಿದೆ, ಅರ್ಥವಿಲ್ಲದ ಮಾತಾಡುತ್ತಿದ್ದಾರೆ.

ಹೋದ ವಾರ ಆಸ್ಪತ್ರೆಯ ಕಾಗದಗಳನ್ನು ಜೋಡಿಸುವಾಗ ಇದು ಕಣ್ಣಿಗೆ ಬಿತ್ತು. ಎಪ್ಪತ್ತೆಂಟು ವರ್ಷ ಬಾಳಿದ ಹೆಂಗಸು. ಅವಳು ಅರ್ಥವಿಲ್ಲದ ಮಾತಾಡಿದ್ದನ್ನು ನಾನಂತೂ ಕೇಳಿಲ್ಲ. (ಅರ್ಥ ಜಾಸ್ತಿಯಾಗಿ ಅಕ್ಕಪಕ್ಕದವರು ಮಾತು ಬಿಟ್ಟದ್ದುಂಟು.)

ಅವ್ವ ವಿಜಯಪುರದ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದದ್ದು ಮಹಾರಾಷ್ಟ್ರದ ಠಾಣೆ ಎಂಬ ಊರಿಗೆ, ವಾಗ್ಳೆ ಎಸ್ಟೇಟಿನ ಒಂದು ಖೋಲಿಗೆ. ಅಪ್ಪ ಅಲ್ಲೇ ಫ್ಯಾಕ್ಟರಿಯಲ್ಲಿದ್ದರು. ನೀರಿನ ನಲ್ಲಿಯ ಸಾಲಿನಲ್ಲಿ ನಿಂತು ನಿಂತೇ ಆರು ತಿಂಗಳಲ್ಲಿ ಅವ್ವ ಮರಾಠಿ ಕಲಿತಳು. ಮೊದಲು ಬೈಗುಳ, ಆಮೇಲೆ ಉಳಿದದ್ದು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ತೀರಿಕೊಂಡರು. ಅವ್ವ ಅತ್ತದ್ದು ಹದಿಮೂರು ದಿನ. ಹದಿನಾಲ್ಕನೇ ದಿನ ಜೋಳದ ಹಿಟ್ಟಿಗೆ ಬಿಸಿನೀರು ಹಾಕಿದಳು. ಕಲಬುರಗಿ, ರಾಯಚೂರಿನಿಂದ ಬಂದು ಲೋಡಿಂಗ್ ಕೆಲಸ ಮಾಡುವ ಹುಡುಗರಿಗೆ ರೊಟ್ಟಿ ಬಡಿದೇ ನನ್ನನ್ನು ಓದಿಸಿದಳು. ಯಾರೇ ಬಾಗಿಲಿಗೆ ಬರಲಿ, ಅವಳ ಮೊದಲ ಪ್ರಶ್ನೆ ಒಂದೇ. "ಉಂಡೀಯೇನು?"

ನಾನು ಓದಿದೆ. ಆಫೀಸರಾದೆ. ಅದೇ ಠಾಣೆಯ ಮಾಜಿವಾಡಾದಲ್ಲಿ ಹನ್ನೊಂದನೇ ಫ್ಲೋರಿನಲ್ಲಿ ಫ್ಲ್ಯಾಟು ತೆಗೆದುಕೊಂಡೆ. ಕನ್ನಡದಲ್ಲಿ ಅಂಕಣ ಬರೆಯುವಷ್ಟು ದೊಡ್ಡವನೂ ಆದೆ.

ಮಗಳು ತನ್ವಿ ಅಜ್ಜಿಯ ಮಗ್ಗುಲಲ್ಲೇ ಬೆಳೆದಳು. ಅಜ್ಜಿ ರೊಟ್ಟಿ ಬಡಿದು ಬುಟ್ಟಿಗೆ ಹಾಕುತ್ತ ಎಣಿಸುವಾಗ ಇವಳೂ ಎಣಿಸುತ್ತಿದ್ದಳು. ಒಂದು, ಎರಡು, ಮೂರು. ಎಲ್‌ಕೆಜಿ ಇಂಟರ್‌ವ್ಯೂನಲ್ಲಿ ಟೀಚರ್ ಬಣ್ಣದ ಮಣಿಗಳನ್ನು ಮುಂದಿಟ್ಟು ಕೌಂಟ್ ಮಾಡು ಎಂದರು. ಮಗು ಕುತ್ತಿಗೆ ಅಲ್ಲಾಡಿಸುತ್ತ ಒಂದು, ಎರಡು, ಮೂರು ಎಂದಿತು. ಟೀಚರ್ ನನ್ನ ಮುಖ ನೋಡಿ ನಕ್ಕರು. ಕೆಟ್ಟ ನಗುವೇನಲ್ಲ. ಆದರೆ ನನಗೆ ಕೂತ ಕುರ್ಚಿ ಚುಚ್ಚಿತು.

ಅವತ್ತು ಸಂಜೆಯೇ ಮನೆಯಲ್ಲಿ ಕಾನೂನು ಹೊರಡಿಸಿದೆ. "ಅವ್ವಾ, ಇನ್ನ ಮ್ಯಾಲ ಆಕಿ ಜೋಡಿ ಕನ್ನಡ ಮಾತಾಡಬ್ಯಾಡ. ಕೂಸು ಕನ್‌ಫ್ಯೂಸ್ ಆಗತೈತಿ."

ಅವ್ವ ಹಿಟ್ಟಿನ ಕೈ ಒರೆಸಿಕೊಂಡಳು. "ಆತು ಬಿಡೋ ಯಪ್ಪಾ. ಕೂಸಿಗಿ ನನ್ನ ಮಾತು ಬ್ಯಾಡಂದ್ರ ಬ್ಯಾಡ."

ಜಗಳಗಂಟಿ ಎಂದು ಹೆಸರಾದ ಹೆಂಗಸು ಅವತ್ತು ಜಗಳವಾಡಲಿಲ್ಲ. ಮೊಮ್ಮಗಳ ಜೊತೆ ಮರಾಠಿಗೆ ಬದಲಾದಳು. ನಲ್ಲಿಯ ಸಾಲಿನಲ್ಲಿ ಕಲಿತ ಮರಾಠಿಯಲ್ಲಿ ಜಗಳ ಆಡಬಹುದು, ಕಥೆ ಹೇಳಲಾಗುವುದಿಲ್ಲ. ಕಥೆಗಳು ನಿಂತವು. ರೊಟ್ಟಿಗಳನ್ನು ಮನಸ್ಸಿನಲ್ಲೇ ಎಣಿಸತೊಡಗಿದಳು. ನಾನು ಇದನ್ನೆಲ್ಲ ಗಮನಿಸಿದೆನೇ? ಗಮನಿಸಿದೆ. ಕಾನೂನು ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ. ತನ್ವಿಗೆ ಈಗ ಇಪ್ಪತ್ತು. ಬಾ, ಹೋಗು, ಊಟ, ನೀರು: ಅವಳ ಕನ್ನಡ ಅಷ್ಟೇ.

ಅವ್ವ ಆಸ್ಪತ್ರೆ ಸೇರಿದ ಭಾನುವಾರ ನಾನು ಪಕ್ಕದೂರು ಕಲ್ಯಾಣದಲ್ಲಿದ್ದೆ. ಅಲ್ಲಿಯ ಕನ್ನಡಿಗರು ಭಾಷಣಕ್ಕೆ ಕರೆದಿದ್ದರು. ವಿಷಯ: ಹೊರನಾಡಿನಲ್ಲಿ ತಾಯಿನುಡಿಯನ್ನು ಉಳಿಸಿಕೊಳ್ಳುವುದು ಹೇಗೆ. (ನಗಬೇಡಿ. ಹೇಳೋದು ವೇದಾಂತ, ತಿನ್ನೋದು ಬದನೆಕಾಯಿ ಅಂತ ನನ್ನಂಥವರನ್ನು ನೋಡಿಯೇ ಗಾದೆ ಮಾಡಿದ್ದಾರೆ.) ಹೆಂಡತಿ ಬದಲಾಪುರದ ತಂಗಿಯ ಮನೆಗೆ ಹೋಗಿದ್ದಳು. ಹನ್ನೊಂದರ ಹೊತ್ತಿಗೆ ತನ್ವಿಯ ಫೋನು. ಅಜ್ಜಿ ಬಚ್ಚಲಲ್ಲಿ ಕುಸಿದಿದ್ದಾಳೆ, ಬಲಗೈ ಏಳುತ್ತಿಲ್ಲ, ಆಸ್ಪತ್ರೆಗೆ ಕರೆತಂದಿದ್ದೇನೆ, ಸ್ಟೇಬಲ್ ಅಂತಾರೆ.

ಸ್ಟೇಬಲ್. ಈ ಪದ ನನಗೆ ಬೇಕಾಗಿತ್ತು. ಭಾಷಣ ಮುಗಿಸಿಯೇ ಬರುತ್ತೇನೆ ಎಂದೆ. ಫೋನು ಸೈಲೆಂಟಿಗೆ ಹಾಕಿದೆ. ಮಕ್ಕಳೊಡನೆ ಮನೆಯಲ್ಲಿ ಕನ್ನಡ ಆಡಿ ಎಂದು ಸಭೆಗೆ ಹೇಳಿದೆ. ಚಪ್ಪಾಳೆ ಚೆನ್ನಾಗಿ ಬಿತ್ತು. ಊಟ ಮಾಡಿಯೇ ಹೊರಟೆ. ಕಾರಿನಲ್ಲಿ ನೋಡಿದರೆ ಮಗಳ ಒಂಬತ್ತು ಮಿಸ್ಡ್ ಕಾಲ್, ಒಂದು ಮೆಸೇಜು: ಅಜ್ಜಿ ಏನೋ ಹೇಳುತ್ತಿದ್ದಾಳೆ, ಅರ್ಥವಾಗುತ್ತಿಲ್ಲ, ಪ್ಲೀಸ್ ಫೋನ್ ಎತ್ತಿ.

ಆಸ್ಪತ್ರೆ ಮುಟ್ಟಿದಾಗ ನಾಲ್ಕು ಗಂಟೆ. ಕೊರಳಲ್ಲಿ ಸನ್ಮಾನದ ಶಾಲು ಹಾಗೇ ಇತ್ತು. ಅವ್ವ ಎಡಕ್ಕೆ ಹೊರಳಿ ನಿದ್ದೆ ಮಾಡುತ್ತಿದ್ದಳು. ಎಡ ಮುಂಗೈ ಮೇಲೆ ಬ್ಯಾಂಡೇಜು ಬಿಗಿದ ಗುರುತು. ಮಂಚದ ಕಂಬಿ ಹಿಡಿದು ಎಳೆಯುತ್ತಿದ್ದಳಂತೆ, ಅದಕ್ಕೇ ಕೈ ಕಟ್ಟಿಹಾಕಿದ್ದರಂತೆ. ಅವ್ವನ ಮರಾಠಿ, ಹಿಂದಿ ಎಲ್ಲ ಪಾರ್ಶ್ವವಾಯುವಿನ ಒಂದೇ ಏಟಿಗೆ ಹೋಗಿತ್ತು. ಆಮೇಲೆ ಕಲಿತದ್ದು ಹೋಗಿ ಹುಟ್ಟಿನಿಂದ ಬಂದದ್ದು ಉಳಿಯುವುದುಂಟಂತೆ. ತನ್ವಿ ತನಗೆ ಗೊತ್ತಿದ್ದ ನಾಲ್ಕು ಪದಗಳಲ್ಲೇ ಕೇಳಿ ನೋಡಿದ್ದಳು. ನೀರು? ಊಟ? ಅಜ್ಜಿ ತಲೆಯಾಡಿಸಿ ಮತ್ತೆ ಅದೇ ಮಾತು ಹೇಳುತ್ತಿದ್ದಳಂತೆ. ಕನ್ನಡ ಬಾರದ ನರ್ಸುಗಳು ಮಗಳನ್ನೇ ಕೇಳಿದರು, ನಿಮ್ಮಜ್ಜಿ ಏನು ಹೇಳುತ್ತಿದ್ದಾರೆ ಎಂದು. ಗೊತ್ತಿಲ್ಲ ಎಂದಳು ಮಗಳು. ಮೊಮ್ಮಗಳಿಗೇ ಗೊತ್ತಾಗದ ಮಾತನ್ನು ಅರ್ಥವಿಲ್ಲದ್ದು ಎನ್ನದೆ ಡಾಕ್ಟರು ಮತ್ತೇನು ಬರೆಯಬೇಕು?

ನೆಲ ಒರೆಸುತ್ತಿದ್ದ ಹೆಂಗಸು ನನ್ನ ಹತ್ತಿರ ಬಂದಳು. ಹುಲಿಗೆಮ್ಮ, ರಾಯಚೂರಿನವಳು. ಮಧ್ಯಾಹ್ನ ಮೂರರ ಡ್ಯೂಟಿಗೆ ಬಂದವಳು.

"ಸರ್, ಅಜ್ಜಿ ಮಗ್ಗಲ ಬದಲಸ್ರಿ, ಬೆನ್ನು ಉರಿಯಾಕತ್ತೈತಿ ಅಂತ ಕೇಳಾಕತ್ತಿದ್ದಳ್ರಿ. ಬೆಳಗಿಂದ ಅದನ್ನೇ ಕೇಳ್ಯಾಳಂತ. ನಾನು ಬಂದು ಹೊರಳಿಸಿದೆ."

"ಆಮೇಲೆ?"

"ಆಮ್ಯಾಲ ನನ್ನ ಮಾರಿ ನೋಡಿ, ಉಂಡೀಯೇನವಾ ಅಂದಳ್ರಿ. ಕಣ್ಣು ಮುಚ್ಚಿದಳು."

ಅವ್ವ ಮತ್ತೆ ಕಣ್ಣು ತೆರೆಯಲಿಲ್ಲ. ಮರುದಿನ ಮಧ್ಯಾಹ್ನ ಹೋದಳು. ನಾಲ್ಕು ತಾಸು ಉರಿಯುವ ಬೆನ್ನಿನ ಮೇಲೆ ಮಲಗಿದ್ದಳು, ಅಷ್ಟು ಹೊತ್ತೂ ಕೈಯಳತೆಯಲ್ಲಿ ಅವಳು ಸಾಕಿದ ಮೊಮ್ಮಗಳಿದ್ದಳು. ಇದನ್ನು ಮಾಡಿದ್ದು ಡಾಕ್ಟರಲ್ಲ, ನರ್ಸಲ್ಲ, ಮಹಾರಾಷ್ಟ್ರವೂ ಅಲ್ಲ. ನಾನು.

ಈ ಫೈಲು ನೋಡುತ್ತ ಕೂತಾಗ ತನ್ವಿ ಪಕ್ಕಕ್ಕೆ ಬಂದು ಕೂತಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಸಮಾಧಾನದ ಹಿಂದಿಯಲ್ಲಿ ಅವಳು ಕೇಳಿದ್ದು ಇಷ್ಟೇ:

"ಪಪ್ಪಾ, ನಿಮಗೂ ಹೀಗೇ ಆದರೆ, ನೀವು ಯಾವ ಭಾಷೆಯಲ್ಲಿ ಮಾತಾಡುತ್ತೀರಿ?"