ಕುತ್ತಿಗೆ ಹೇಳಿದ ಗುಟ್ಟು

ಕಳೆದ ತಿಂಗಳು ಸೂರತ್ತಿನಲ್ಲಿ ಒಬ್ಬ ಅಜ್ಜಿ ನನ್ನನ್ನು ಬರಿಗಾಲಲ್ಲಿ ನಿಲ್ಲಿಸಿ, ನನ್ನ ಸುತ್ತ ಎರಡು ಪ್ರದಕ್ಷಿಣೆ ಹಾಕಿದರು. ನಾನೇನು ಅಶ್ವತ್ಥ ಮರವೇ?

ಅಲ್ಲ. ಕುತ್ತಿಗೆ ನೋವಿನ ಗಿರಾಕಿ.

ವಡೋದರಾಕ್ಕೆ ಟ್ರಾನ್ಸ್‌ಫರ್ ಆಗಿ ಬಂದ ಮೇಲೆ ಶುರುವಾದ ನೋವು. ಆರು ತಿಂಗಳಿಂದ ಕುತ್ತಿಗೆಯ ಎಡಭಾಗ ಹಗ್ಗದಂತೆ ಬಿಗಿದಿತ್ತು. ದಿಂಬು ತೆಗೆದೆ. ದಿಂಬು ಇಟ್ಟೆ. ಮುಲಾಮು ತಿಕ್ಕಿಸಿಕೊಂಡೆ. ಎಕ್ಸ್‌ರೇ ತೆಗೆಸಿದರೆ ಮೂಳೆ ಸರಿಯಾಗಿದೆ ಎಂದರು. (ಮೂಳೆ ಸರಿ, ನಾನು ಸರಿಯಿಲ್ಲ!) ಕೊನೆಗೆ ಆಫೀಸಿನ ಒಬ್ಬ ಗುಜರಾತಿ ಗೆಳೆಯ ಹೇಳಿದ: “ಸೂರತ್ತಿಗೆ ಹೋಗು ಭಾಯಿ. ಶಿರೀನ್‌ಬಾಯಿ ಅಂತ ಪಾರ್ಸಿ ಹೆಂಗಸು. ಇಂಗ್ಲೆಂಡಿನಲ್ಲಿ ಕಲಿತವರು. ಆಸ್ಟಿಯೋಪತಿ.”

ಅದೇನು ಪಥಿಯೋ! ನಮ್ಮೂರ ಕಡೆ ಮೂಳೆ ಕಟ್ಟುವವರು ಗೊತ್ತು. ಇದು ಅದಲ್ಲವಂತೆ. ಮೂಳೆ, ಕೀಲು, ಸ್ನಾಯು ಎಲ್ಲ ಒಂದಕ್ಕೊಂದು ಹೊಂದಿಕೊಂಡು ನಡೆಯಬೇಕು. ಒಂದು ಬಿಗಿದರೆ ಅದರ ಭಾರ ಇನ್ನೊಂದು ಹೊರುತ್ತದೆ. ಆ ಬಿಗಿತವನ್ನು ಬರಿಗೈಯಲ್ಲಿ ಹುಡುಕಿ ಸಡಿಲಿಸುವುದು ಆಸ್ಟಿಯೋಪತಿ. ಮಾತ್ರೆಯಿಲ್ಲ, ಸೂಜಿಯಿಲ್ಲ.

ನನ್ನ ಹೆಂಡತಿ ಸುಶೀಲಾಳೂ ಹೊರಟಳು. ಬೆಳಗಿನ ಗಾಡಿ. ಭರೂಚ್‌ನ ಸೇತುವೆ ಮೇಲೆ ಗಾಡಿ ನಿಧಾನವಾಯಿತು. ಕೆಳಗೆ ನರ್ಮದೆ ಮಂಜಿನಲ್ಲಿ ಅರ್ಧ ಕರಗಿದ್ದಳು. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆ? ತಿಳಿಯಲಿಲ್ಲ.

ಶಿರೀನ್‌ಬಾಯಿಯ ಮನೆಯೇ ದವಾಖಾನೆ. ಎತ್ತರದ ಛಾವಣಿ, ಬಿಳಿ ಪರದೆ, ಕಿಟಕಿಯಾಚೆ ಬೇವಿನ ಮರ. ಹೋದ ಕೂಡಲೇ ಕುತ್ತಿಗೆ ಹಿಡಿಯುತ್ತಾರೆ ಅಂದುಕೊಂಡಿದ್ದೆ. ಹಿಡಿಯಲೇ ಇಲ್ಲ! ಅರ್ಧ ಗಂಟೆ ಬರೀ ಪ್ರಶ್ನೆ. ಯಾವಾಗ ಬಿದ್ದಿದ್ದೆ? ಹೇಗೆ ಮಲಗುತ್ತೀಯ? ಕೈ ಜುಮ್ಮೆನ್ನುತ್ತದೆಯೇ? ಎಕ್ಸ್‌ರೇ ಕಿಟಕಿಗೆ ಹಿಡಿದು ನೋಡಿದರು. ಆಮೇಲೆ ಶರ್ಟು ಬಿಚ್ಚಿಸಿ, ನಿಲ್ಲಿಸಿ, ನಡೆಸಿ, ಬಗ್ಗಿಸಿ ನೋಡಿದರು. ಪ್ರದಕ್ಷಿಣೆ ಆದದ್ದು ಆಗಲೇ.

“ಕೆಲಸ ಏನು, ದೀಕ್ರಾ?” ದೀಕ್ರಾ ಎಂದರೆ ಮಗ. ನಲವತ್ತೆರಡರ ನನ್ನನ್ನು ಹಾಗೆ ಕರೆದು ಎಷ್ಟು ಕಾಲವಾಗಿತ್ತೋ.

“ರೈಲ್ವೆ ಕಂಟ್ರೋಲ್ ಆಫೀಸು. ದಿನವಿಡೀ ಟೆಲಿಫೋನು, ಯಾವ ಗಾಡಿ ಎಲ್ಲಿ ನಿಲ್ಲಬೇಕು, ಯಾವುದು ಹೊರಡಬೇಕು ಅಂತ.”

ಅವರು ನನ್ನ ಮುಖವನ್ನೇ ಒಂದು ಕ್ಷಣ ನೋಡಿ, ಮೇಜಿನ ಮೇಲೆ ಅಂಗಾತ ಮಲಗು ಎಂದರು.

ತಲೆಯ ಕೆಳಗೆ ಎರಡು ಅಂಗೈ ಇಟ್ಟರು. ಅಷ್ಟೇ. ತಿಕ್ಕಲಿಲ್ಲ, ಒತ್ತಲಿಲ್ಲ. ಬೆರಳು ಎಲ್ಲೋ ಒಂದು ಕಡೆ ನಿಂತು ಕಾಯುತ್ತಿತ್ತು. ಬಿಗಿತ ತಾನಾಗಿ ಕರಗುತ್ತಿತ್ತು. ಒಮ್ಮೆ ಮಾತ್ರ “ಚಟ್” ಎಂದಿತು. ಆಮೇಲೆ ನಾನು ಮೇಜಿನ ಮೇಲಿರಲಿಲ್ಲ. ನರ್ಮದೆಯಲ್ಲಿ ಬೆನ್ನು ಕೆಳಗಾಗಿ ತೇಲುತ್ತಿದ್ದೆ. ಕಿವಿಯೊಳಗೆ ನೀರು. ದಡವಿಲ್ಲ. ಬೇವಿನ ನೆರಳು ರೆಪ್ಪೆಯ ಮೇಲೆ ಹಸಿರಾಗಿ ಆಡುತ್ತಿತ್ತು. ಟೆಲಿಫೋನಿಲ್ಲ, ಗಾಡಿಯಿಲ್ಲ, ಯಾರೂ ಕರೆಯುವವರಿಲ್ಲ. ಎಂಥ ಸುಖ!

ಕಣ್ಣು ತೆರೆದರೆ ಶಿರೀನ್‌ಬಾಯಿ ನನ್ನ ಎಡಕ್ಕೆ ಬಂದು ನಿಂತಿದ್ದರು. ಸುಶೀಲಾ ಸೆರಗು ಬಾಯಿಗೆ ಹಿಡಿದಿದ್ದಳು.

“ಮೂರು ಸಲ ಮೆಲ್ಲಗೆ ಕರೆದೆ ದೀಕ್ರಾ. ನಿನ್ನ ಎಡಗಿವಿಯ ಹತ್ತಿರವೇ.”

ನಾನು ಮುಖವನ್ನು ಅವರ ಕಡೆ ತಿರುಗಿಸಿದೆ.

“ಪ್ರಶ್ನೆ ಕೇಳಿದಾಗಲೆಲ್ಲ ಮುಖ ತಿರುಗಿಸಿ ಬಲಗಿವಿ ಕೊಡುತ್ತಿದ್ದೆ. ನಿನ್ನ ಕುತ್ತಿಗೆ ಏನೂ ತಪ್ಪು ಮಾಡಿಲ್ಲ. ಕಿವಿಯ ಕೆಲಸವನ್ನೂ ಅದೇ ಮಾಡುತ್ತಿದೆ. ಎಷ್ಟು ದಿನವಾಯಿತು?”

ಎರಡು ವರ್ಷ. ಓದುಗರೇ, ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಕಿವಿ ಹೋಯಿತೆಂದರೆ ಕಂಟ್ರೋಲಿನ ಕುರ್ಚಿ ಹೋಗುತ್ತದೆ. ಹದಿನೆಂಟು ವರ್ಷ ಕಷ್ಟಪಟ್ಟು ಏರಿದ ಕುರ್ಚಿ. ಫೋನು ಬಲಗಿವಿಗೆ ಹಿಡಿದು ನಿಭಾಯಿಸುತ್ತಿದ್ದೆ. ಎಡಗಡೆಯಿಂದ ಯಾರಾದರೂ ಕೂಗಿ, ಅದು ನನಗೆ ಕೇಳಿಸದೆ, ಎಲ್ಲೋ ಎರಡು ಗಾಡಿ ಒಂದೇ ಹಳಿಗೆ ಬಂದರೆ? ಆ ಯೋಚನೆ ಬಂದಾಗಲೆಲ್ಲ ಅದನ್ನು ಆಚೆ ನೂಕುತ್ತಿದ್ದೆ.

ಮೇಜಿನ ಮೇಲೆ ಎದ್ದು ಕುಳಿತು ಎಲ್ಲ ಹೇಳಿದೆ. ಹೇಳುವಾಗ ಸುಶೀಲಾಳ ಮುಖ ನೋಡುವ ಧೈರ್ಯವಾಗಲಿಲ್ಲ.

ಅವಳೇ ಮಾತಾಡಿದಳು. “ನನಗ ಗೊತ್ತಿತ್ತರೀ.”

“ಏನು?”

“ಮೊದಲಿಂದಾನೂ ಗೊತ್ತಿತ್ತು.”

“ಮತ್ತ ಯಾಕ ಹೇಳಲಿಲ್ಲ?”

“ನೀವು ಮುಚ್ಚಿ ಇಟ್ಟಿದ್ರಿ. ನಾ ಹೆಂಗ ತಗೀಲಿ?”

ಆಗ ಒಂದೊಂದಾಗಿ ನೆನಪಾಯಿತು. ಗಾಳಿ ಬರುತ್ತದೆ ಎಂದು ಹಾಸಿಗೆಯಲ್ಲಿ ಜಾಗ ಬದಲಿಸಿಕೊಂಡಿದ್ದಳು. ರಸ್ತೆಯಲ್ಲಿ ಯಾವಾಗಲೂ ನನ್ನ ಬಲಕ್ಕೇ ನಡೆಯುತ್ತಿದ್ದಳು. ನೆಂಟರು ಬಂದರೆ ಅವರನ್ನು ನನ್ನ ಬಲಗಡೆಯ ಕುರ್ಚಿಗೇ ಕೂರಿಸುತ್ತಿದ್ದಳು. ನಾನು ನಾಟಕ ಆಡುತ್ತಿದ್ದೆ. ಅವಳು ಸದ್ದಿಲ್ಲದೆ ರಂಗ ಸಜ್ಜು ಮಾಡುತ್ತಿದ್ದಳು.

ಶಿರೀನ್‌ಬಾಯಿ ಕನ್ನಡ ತಿಳಿಯದೆಯೂ ಎಲ್ಲ ತಿಳಿದವರಂತೆ ಚಹಾ ತರಿಸಿದರು. “ಕುತ್ತಿಗೆ ನನ್ನದು. ಕಿವಿ ನನ್ನ ಕೈಯಲ್ಲಿಲ್ಲ, ಕಿವಿ ಡಾಕ್ಟರ ಹತ್ತಿರ ಹೋಗು. ಹೋಗದಿದ್ದರೆ ಇಲ್ಲಿಗೂ ಬರಬೇಡ. ಎರಡು ದಿನ ಮೈ ನೋಯುತ್ತದೆ, ಹೆದರಬೇಡ.”

ನಿಜವಾಗಿಯೂ ಎರಡು ದಿನ ಯಾರೋ ಹೊಡೆದು ಹಾಕಿದಂತಿತ್ತು. ಮೂರನೆಯ ದಿನ ಕಿವಿ ಡಾಕ್ಟರು ನೋಡಿದರು. ನರ ಸೋತಿದೆ, ಹೋದದ್ದು ಬರುವುದಿಲ್ಲ ಎಂದರು. ಮರುದಿನ ಸಾಹೇಬರ ಮುಂದೆ ನಿಂತು ಹೇಳಿದೆ. ಅವರು ಪೇಪರ್‌ವೇಟ್ ತಿರುಗಿಸುತ್ತ, “ಮೊದಲೇ ಹೇಳಬೇಕಿತ್ತು” ಎಂದರು. ಬೈಗುಳ ಇನ್ನೂ ಇತ್ತು, ಎಲ್ಲ ಬಲಗಿವಿಯಿಂದಲೇ ಕೇಳಿಸಿಕೊಂಡೆ. ಕಂಟ್ರೋಲಿನ ಕುರ್ಚಿ ಹೋಯಿತು. ಈಗ ಟೈಮ್‌ಟೇಬಲ್ ವಿಭಾಗದಲ್ಲಿದ್ದೇನೆ. ಮನಸ್ಸಿಗೆ ಬೇಸರವಿದೆ, ಇಲ್ಲವೆನ್ನಲಾರೆ.

ಸೂರತ್ತಿಗೆ ಇನ್ನೂ ಎರಡು ಸಲ ಹೋಗಿಬಂದೆ. ಕುತ್ತಿಗೆ ಹಗುರಾಗಿದೆ. ಅದಕ್ಕೆ ಆ ಬೆರಳುಗಳು ಕಾರಣವೋ, ಬಾಯಿ ಬಿಟ್ಟದ್ದು ಕಾರಣವೋ, ಶಿರೀನ್‌ಬಾಯಿಯೂ ಖಚಿತವಾಗಿ ಹೇಳಲಿಲ್ಲ.

ನೀವು ಬಚ್ಚಿಟ್ಟ ಗುಟ್ಟನ್ನು, ನಿಮಗೇ ತಿಳಿಯದಂತೆ, ನಿಮ್ಮ ಮನೆಯಲ್ಲಿ ಯಾರು ಕಾಯುತ್ತಿದ್ದಾರೆ?