ಕಾಕಾ ಅವರ ತಬಲಾ, ನನ್ನ ಬೇಸ್ ಗಿಟಾರು

ಮೂವತ್ತು ವರ್ಷ ಗಿಟಾರು ನುಡಿಸಿದವನ ತಲೆಗೆ ಏರಬಾರದ್ದು ಏರಿರುತ್ತದೆ. ನನಗೂ ಏರಿತ್ತು. ತೆಲುಗು ಸೀಮೆಯ ಕುಷಾಯಿಗೂಡದ ನಮ್ಮ ಕಾಲೊನಿಯಲ್ಲಿ ಕಾರ್ಖಾನೆಯ ನೌಕರಿಗೆಂದು ಕರ್ನಾಟಕದಿಂದ ಬಂದು ಇಲ್ಲೇ ಉಳಿದ ಮನೆಗಳು ಹತ್ತಿಪ್ಪತ್ತಿವೆ. ಶನಿವಾರ ಸಂಜೆ ಸಮುದಾಯ ಭವನದಲ್ಲಿ ಒಂದಿಷ್ಟು ಜನ ಸೇರಿ ದಾಸರ ಪದ, ಭಾವಗೀತೆ ಹಾಡುತ್ತೇವೆ. ಹಾಡುವವರು ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳು, ಎಲ್ಲರಿಗೂ ಅವರು ಅಕ್ಕಾರು. ತಬಲಾಕ್ಕೆ ಕಾಕಾ. ಕಲಬುರಗಿ ಕಡೆಯವರು, ಕಾರ್ಖಾನೆಯಲ್ಲಿ ನನಗೆ ಕೆಲಸ ಕಲಿಸಿದವರು, ನಿವೃತ್ತರಾಗಿ ಬಹಳ ವರ್ಷವಾಯಿತು. ದಾಸರ ಪದಕ್ಕೆ ಗಿಟಾರು ಯಾಕೆ ಎಂದು ಮೂಗು ಮುರಿದವರ ಜೊತೆಗೆಲ್ಲ ನನ್ನ ಪರವಾಗಿ ಜಗಳಕ್ಕೆ ನಿಂತವರೂ ಅವರೇ.

ಆ ವರ್ಷ ರಾಜ್ಯೋತ್ಸವದ ಕಾರ್ಯಕ್ರಮದ ಮಾತು ಬಂದಾಗ ಅಕ್ಕಾರು, "ಈ ಸಲ ಬೇಸ್ ಗಿಟಾರು ಇದ್ರ ಹಾಡು ತುಂಬಿದಂಗ ಕೇಳಸ್ತೈತ್ರಿ. ನಮ್ಮ ಆಫೀಸಿನ್ಯಾಗ ಒಬ್ಬರು ನುಡಸ್ತಾರ, ಕರೀಲೇನು?" ಎಂದರು.

ನನಗೆ ಚುರ್ ಎಂದಿತು. ಗಿಟಾರು ಎಂಬ ಹೆಸರಿನ ಯಾವುದೇ ವಸ್ತು ಆ ಭವನದೊಳಗೆ ಬಂದರೆ ಅದು ನನ್ನ ಕೈಯಲ್ಲೇ ಬರಬೇಕು ಎಂಬ ಹಟ. "ಹೊರಗಿನವರು ಯಾಕ್ರಿ? ಇರೋದ ನಾಕ ತಂತಿ. ಆರು ನುಡಿಸಿದವಗ ನಾಕು ಯಾವ ಲೆಕ್ಕ?" ಎಂದೆ. ಎಲ್ಲರೂ ನಕ್ಕರು. ಕಾಕಾ ತೊಡೆ ತಟ್ಟಿ ನಕ್ಕರು.

ಕೋಠಿ ಪೇಟೆಯ ಪುಸ್ತಕದ ಅಂಗಡಿಗಳ ಹಿಂದೆ ಹಳೆಯ ವಾದ್ಯ ಮಾರುವವನೊಬ್ಬನಿದ್ದ. ಬೇಸ್ ಗಿಟಾರನ್ನು ನನ್ನ ಕೈಗೆ ಕೊಡುತ್ತ, "ಸೀಖ್ನೇ ಕೂ ಹೋನಾ ಕ್ಯಾ?" ಎಂದ. ಕಲಿಯುವುದಕ್ಕೆ ಬೇಕೇ ಎಂದು ಕೇಳಿದ್ದು, ಅಷ್ಟೇ. ನನಗೆ ಬೈದಂತೆ ಕೇಳಿಸಿತು. "ನೈ, ಸ್ಟೇಜ್ ಪೇ ಬಜಾನೇ ಕೂ", ವೇದಿಕೆಯ ಮೇಲೆ ನುಡಿಸುವುದಕ್ಕೆ ಎಂದು ಸೆಟೆದು ಹೇಳಿದೆ. ಅದನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ನಿಂತು ಬರುವಾಗಲೇ ಭುಜ ನೋಯತೊಡಗಿತ್ತು.

ತಂತಿ ನಾಲ್ಕೇ, ಆದರೆ ಒಂದೊಂದೂ ಬಟ್ಟೆ ಒಣಹಾಕುವ ತಂತಿಯಷ್ಟು ದಪ್ಪ. ಬೆರಳ ತುದಿಯಲ್ಲಿ ಮೂವತ್ತು ವರ್ಷದಿಂದ ಗಟ್ಟಿಯಾದ ಚರ್ಮಕ್ಕೂ ಬೊಬ್ಬೆ ಎದ್ದಿತು. ಅದಕ್ಕಿಂತ ದೊಡ್ಡ ತೊಡಕು ಬೇರೆ ಇತ್ತು. ಗಿಟಾರಿನಲ್ಲಿ ಬಲಗೈ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ, ಸಣ್ಣಪುಟ್ಟ ತಪ್ಪು ಆ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಬೇಸ್‌ನಲ್ಲಿ ಒಂದು ಸ್ವರ ನುಡಿಸಿ ಮುಂದಿನದಕ್ಕೆ ಕಾಯಬೇಕು, ತಬಲಾದ ಪೆಟ್ಟಿನ ಜೊತೆಗೇ ಇಳಿಯಬೇಕು. ನನ್ನ ಕೈಗೆ ಕಾದು ಗೊತ್ತಿರಲಿಲ್ಲ.

ಮೊದಲ ಶನಿವಾರ ನಿಧಾನವಾಗಿ ಶುರುವಾದ ಪದ ಮುಗಿಯುವ ಹೊತ್ತಿಗೆ ಅಕ್ಕಾರಿಗೆ ಏದುಸಿರು. "ಕಾಕಾ, ಲಯ ಓಡಾಕತ್ತೈತ್ರಿ, ಸ್ವಲ್ಪ ಹಿಡೀರಿ" ಎಂದರು. ಕಾಕಾ "ಹೌದವಾ, ಹಿಡೀತೀನಿ" ಎಂದರು. ಎರಡನೆಯ ಶನಿವಾರವೂ ಅದೇ ಆಯಿತು. ಲಯ ಕೆಟ್ಟರೆ ಎಲ್ಲರ ಕಣ್ಣು ಹೋಗುವುದು ತಬಲಾದ ಕಡೆಗೇ. ನನ್ನ ಕಣ್ಣೂ ಹೋಯಿತು. ಆಗ ನಾನು ನಿಜವಾಗಿಯೂ ಅವರದೇ ತಪ್ಪು ಎಂದುಕೊಂಡಿದ್ದೆ, ಅಷ್ಟರಮಟ್ಟಿಗೆ ನನ್ನನ್ನು ಕ್ಷಮಿಸಬಹುದು.

ಬೊಬ್ಬೆಯ ಕಾಟ ತಡೆಯಲಾಗದೆ ಬುಧವಾರ ನಾರಾಯಣಗೂಡಕ್ಕೆ ಹೋದೆ. ಅಲ್ಲೊಂದು ಕೋಚಿಂಗ್ ಸೆಂಟರಿನ ಮೇಲಿನ ಮಹಡಿಯಲ್ಲಿ ಬೇಸ್ ಕಲಿಸುತ್ತಾರೆಂದು ಕೇಳಿದ್ದೆ. ಮನೆಯಲ್ಲಿ ಹಲ್ಲಿನ ಡಾಕ್ಟರ ಹೆಸರು ಹೇಳಿ ಹೊರಟಿದ್ದೆ. ಕಲಿಸುವವಳು ನನ್ನ ಮಗಳ ವಯಸ್ಸಿನ ತೆಲುಗು ಹುಡುಗಿ. ಫೋನಿನಲ್ಲಿ ಟಕ್ ಟಕ್ ಎಂದು ತಾಳ ಹಾಕಿ, ನುಡಿಸಿ ಎಂದಳು. ನಾಲ್ಕು ಸುತ್ತು ಮುಗಿಯುವುದರೊಳಗೆ ಕೈ ಅಡ್ಡ ಹಿಡಿದು, "ಅಂಕುಲ್, ಕೊಂಚೆಂ ಆಗಂಡಿ" ಎಂದಳು. ಸ್ವಲ್ಪ ನಿಲ್ಲಿ ಎಂದು. ಪ್ರತಿ ಪೆಟ್ಟಿಗೂ ನಾನು ಒಂದು ಕೂದಲಷ್ಟು ಮುಂದೆ ಬೀಳುತ್ತಿದ್ದೆ, ಆ ಕೂದಲುಗಳೆಲ್ಲ ಕೂಡಿ ಹಾಡನ್ನೇ ಓಡಿಸುತ್ತಿದ್ದವು. ರೆಕಾರ್ಡ್ ಮಾಡಿ ಕೇಳಿಸಿದಳು. ಅನುಮಾನಕ್ಕೆ ಜಾಗವೇ ಇರಲಿಲ್ಲ. ಆಮೇಲೆ ಸಹಜವಾಗಿ, "ಮೀತೋ ತಬಲಾ ವಾಯಿಂಚೇದಿ ಎವರು? ಪಾಪಂ" ಎಂದಳು. ನಿಮ್ಮ ಜೊತೆ ತಬಲಾ ನುಡಿಸುವವರು ಯಾರು, ಪಾಪ ಎಂದು. ನಾನು ಗಿಟಾರನ್ನು ಚೀಲಕ್ಕೆ ತುರುಕಿದೆ.

ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ಮೂರನೆಯ ಶನಿವಾರ ಪದದ ನಡುವೆ ಕಾಕಾ ತಾವೇ ಕೈ ನಿಲ್ಲಿಸಿದರು. ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಎಲ್ಲಿ ತಪ್ಪಾಕತ್ತೀನೊ ತಿಳೀವಲ್ದು" ಎಂದರು. ಅಕ್ಕಾರು ನನ್ನ ಕಡೆ ತಿರುಗಿ, "ನೀವು ಬಾಜೂಕ್ಕ ಕೂತಿರ್ತೀರಿ, ನೀವರ ಹೇಳ್ರಿ" ಎಂದರು.

ನನಗೆ ಗೊತ್ತಿತ್ತು. ಬುಧವಾರದಿಂದ ಮೂರು ದಿನ ಆ ರೆಕಾರ್ಡು ಕಿವಿಯಲ್ಲಿ ಕೂತಿತ್ತು. ಹೇಳಿದ್ದರೆ ಎರಡು ನಿಮಿಷ ಎಲ್ಲರೂ ನಗುತ್ತಿದ್ದರು, ಅಷ್ಟೇ. ನಾನು ಹೇಳಿದ್ದು, "ತಬಲಾನ ಸ್ವಲ್ಪ ಮುಂದ ಹೊಂಟೈತ್ರಿ. ಕಾಕಾಗ ವಯಸ್ಸಾತಲ್ರಿ, ಆಗ್ತೈತಿ." ಆ ಕೊನೆಯ 'ಆಗ್ತೈತಿ'ಯನ್ನು ದೊಡ್ಡ ಮನಸ್ಸು ಮಾಡಿ ಹೇಳಿದೆ, ನಾನೇ ಅವರನ್ನು ಕ್ಷಮಿಸುವವನಂತೆ.

"ಖರೆ ಐತಿ ತಮ್ಮಾ" ಎಂದು ಕಾಕಾ ತಬಲಾಕ್ಕೆ ಬಟ್ಟೆ ಮುಚ್ಚಿದರು.

ಮುಂದಿನ ಶನಿವಾರ ಅವರು ಬರಲಿಲ್ಲ. ಫೋನು ಮಾಡಿದರೆ, "ಕೈ ಹೋತು ತಮ್ಮಾ. ನನ್ನ ಸಲುವಾಗಿ ಕಾರ್ಯಕ್ರಮ ಕೆಡೂದು ಬ್ಯಾಡ" ಎಂದರು. ಅಕ್ಕಾರು ಕೀಬೋರ್ಡಿನಲ್ಲಿ ತಾಳದ ಗುಂಡಿ ಒತ್ತಿ ಹಾಡತೊಡಗಿದರು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ನಾನು ಎಲ್ಲರನ್ನೂ ಬಿಟ್ಟು ಮುಂದೆ ಹೋಗಿಬಿಟ್ಟಿದ್ದೆ. "ಅಲ್ರೀ, ನೀವೆಲ್ಲಿಗೆ ಹೊಂಟೀರಿ?" ಎಂದು ಅಕ್ಕಾರು ನಕ್ಕರು, ಎಲ್ಲರೂ ನಕ್ಕರು. ನನ್ನ ಓಟಕ್ಕೂ ಕಾಕಾ ಬರದೆ ಇದ್ದದ್ದಕ್ಕೂ ಸಂಬಂಧ ಇದೆ ಎಂದು ಯಾರಿಗೂ ಹೊಳೆಯಲಿಲ್ಲ. ನನಗೆ ಮಾತ್ರ ಹೊಳೆಯಿತು. ಯಂತ್ರ ನನ್ನ ಹಿಂದೆ ಬರಲಿಲ್ಲ. ಕಾಕಾ ಬಂದಿದ್ದರು. ಸಾಥ್ ಕೊಡುವವರ ರೀತಿಯೇ ಅದು, ಜೊತೆಗಿದ್ದವನು ದಾರಿ ತಪ್ಪಿದರೆ ಅವನೊಬ್ಬನನ್ನೇ ಬಿಡದೆ ತಮಗೇ ಅರಿವಿಲ್ಲದೆ ಅತ್ತ ಹೊರಳಿ ತಪ್ಪು ಕಾಣದಂತೆ ಮುಚ್ಚುವುದು. ಮೂರು ವಾರ ನನ್ನ ಜೊತೆ ಓಡಿ ನನ್ನ ಮಾನ ಉಳಿಸಿದವರಿಗೆ ನಾನು ವಯಸ್ಸಾಯಿತು ಎಂದಿದ್ದೆ.

ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ಅವರನ್ನು ಮತ್ತೆ ತಬಲಾದ ಮುಂದೆ ಕೂರಿಸಿಯೇ ಬರಬೇಕು ಎಂದು ನಿಶ್ಚಯಿಸಿದ್ದೆ. ಕೂತ ತಕ್ಷಣ ಹೇಳಿದೆ. "ಕಾಕಾ, ಓಡಿದ್ದು ನಾನ್ರಿ. ನಿಮ್ಮ ಕೈಗೆ ಏನೂ ಆಗಿಲ್ಲ. ನನಗ ಬೇಸ್ ಬರೂದಿಲ್ಲ."

ಅವರು ನನ್ನ ಮುಖ ನೋಡಿದರು. ಕಣ್ಣು ತುಂಬಿ ಬಂತು. ಒಳಗೆ ತಿರುಗಿ ಹೆಂಡತಿಯನ್ನು ಕರೆದರು. "ಕೇಳಿದೇನ? ನನ್ನ ಮನಸ್ಸಿಗೆ ಬ್ಯಾಸರ ಆಗಬಾರದಂತ ತಪ್ಪೆಲ್ಲಾ ತನ್ನ ಮ್ಯಾಲ ಹಾಕ್ಕೊಳ್ಳಾಕತ್ತಾನ. ನಾ ಕಲಿಸಿದ ಹುಡುಗ."

"ಇಲ್ರಿ ಕಾಕಾ, ಖರೇನ ಹೇಳಾಕತ್ತೀನಿ" ಎಂದೆ.

"ಸುಮ್ನಿರು. ಅವತ್ತ ಎಲ್ಲಾರ ಮುಂದ ಇದ್ದದ್ದು ಇದ್ದಂಗ ಹೇಳಿದವನೂ ನೀನ. ನೀ ಸುಳ್ಳು ಹೇಳಾವಲ್ಲ ಅಂತ ನನಗ ಗೊತ್ತೈತಿ. ಇವತ್ತ ಹೇಳಾಕತ್ತಿರೋದು ಸುಳ್ಳು, ಆದ್ರ ಭಾಳ ಛಲೋ ಸುಳ್ಳು."

ಅವರ ಹೆಂಡತಿ, ನಮಗೆಲ್ಲ ಕಾಕು, ಒಳಗಿನಿಂದ ಒಗ್ಗರಣೆ ಅವಲಕ್ಕಿಯ ತಟ್ಟೆ ತಂದು ನನ್ನ ಮುಂದಿಟ್ಟು, ತಲೆಯ ಮೇಲೆ ಕೈಯಾಡಿಸಿದರು. ಇನ್ನೊಂದೇ ಮಾತು ಉಳಿದಿತ್ತು. ಬುಧವಾರವೇ ನನಗೆ ಗೊತ್ತಾಗಿತ್ತು, ಗೊತ್ತಿದ್ದೇ ಶನಿವಾರ ನಿಮ್ಮ ಮೇಲೆ ಹಾಕಿದೆ ಎಂಬ ಮಾತು. ಅದನ್ನು ಹೇಳಿದ್ದರೆ ಕಾಕಾ ನಂಬುತ್ತಿದ್ದರು. ನನ್ನನ್ನು ಎಬ್ಬಿಸಿ ಹೊರಗೆ ಕಳಿಸುತ್ತಿದ್ದರು, ಮತ್ತೆ ನುಡಿಸುತ್ತಿದ್ದರು. ನಾನು ತಟ್ಟೆ ಹತ್ತಿರಕ್ಕೆ ಎಳೆದುಕೊಂಡೆ. ಅವಲಕ್ಕಿ ಚೆನ್ನಾಗಿದೆ ಎಂದೆ. ಕಾಕು ಇನ್ನೊಂದು ಸೌಟು ಹಾಕಿದರು, ಅದನ್ನೂ ತಿಂದೆ.